ನೋವಿಗೆ ಸಾಕ್ಷಿ ಯಾರು? ಉನ್ನತ ಶುಶ್ರೂಷೆ, ವಿಜ್ಞಾನದ ತತ್ತ್ವ ಮತ್ತು ಕೊಡಗಿನ ಪ್ರಶ್ನೆಗಳು

ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 3,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರ, ಬಯಲು ಪ್ರದೇಶದಲ್ಲಿ 5,000 ಜನರಿಗೆ ಒಂದು ಎಂಬುದು ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಬಹುಕಾಲದಿಂದ ಇಟ್ಟುಕೊಂಡು ಬಂದಿರುವ ಮಾನದಂಡ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದ ಮೇಲೆ ಈ ಉಪಕೇಂದ್ರಗಳ ಸ್ವರೂಪವೇ ಬದಲಾಯಿತು. ಮುಖ್ಯವಾಗಿ ಲಸಿಕೆ ಮತ್ತು ತಾಯಿ-ಮಗುವಿನ ಆರೈಕೆಗೆಂದು ಇದ್ದ ಕಟ್ಟಡಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿಗಳು ಕುಳಿತು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆ ನಡೆಸುತ್ತಾರೆ, ನಿಗದಿತ ಔಷಧಿಗಳನ್ನು ವಿತರಿಸುತ್ತಾರೆ, ಯಾರನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕೆಂದು ತೀರ್ಮಾನಿಸುತ್ತಾರೆ. ಇವರಲ್ಲಿ ನರ್ಸಿಂಗ್ ಓದಿ ಬಂದವರೇ ಹೆಚ್ಚು. ಅದೇ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಹೆರಿಗೆ ಆರೈಕೆಗಾಗಿಯೇ ವಿಶೇಷ ತರಬೇತಿ ಪಡೆದ ನರ್ಸ್ ಪ್ರಾಕ್ಟೀಷನರ್‌ಗಳನ್ನು ಸಿದ್ಧಪಡಿಸುವ ಮಾರ್ಗಸೂಚಿಯನ್ನು ಹೊರಡಿಸಿತು. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿ, 1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗಕ್ಕೆ ಅದನ್ನು ತಂದಿತು. ವೈದ್ಯರ ಆದೇಶವನ್ನು ಪಾಲಿಸುವವರು ಎಂಬ ಸ್ಥಾನದಿಂದ ತೀರ್ಮಾನ ಮಾಡುವವರು ಎಂಬ ಸ್ಥಾನಕ್ಕೆ ಶುಶ್ರೂಷೆ ಸರಿಯುತ್ತಿದೆ. ಇದನ್ನೇ ಉನ್ನತ ಶುಶ್ರೂಷೆ ಎನ್ನುತ್ತಾರೆ.

ಕೊಡಗಿನಂಥ ಜಿಲ್ಲೆಯಲ್ಲಿ ಈ ಬದಲಾವಣೆಯ ತೂಕ ಬೇರೆ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ ನಿಜ, ಆದರೆ ತೋಟಗಳ ಒಳಗೆ ಕೂಲಿಕಾರರು ವಾಸಿಸುವ ಲೈನ್ ಮನೆಗಳಿಂದ, ಕಾಡಂಚಿನ ಬುಡಕಟ್ಟು ಜನರ ಹಾಡಿಗಳಿಂದ ಅಲ್ಲಿಗೆ ಬರಲು ಬಸ್ಸು, ದಾರಿ, ಒಂದು ದಿನದ ಕೂಲಿ ಮೂರೂ ಕೂಡಿಬರಬೇಕು. ಮಳೆಗಾಲದಲ್ಲಿ ಅದೂ ಖಾತ್ರಿಯಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದು ಊರುಗಳ ಸಂಪರ್ಕ ಕಡಿದುಹೋದದ್ದನ್ನು ಜಿಲ್ಲೆ ಮರೆತಿಲ್ಲ. ಇಂಥ ಕಡೆ ರೋಗಿಯ ಎದುರು ಮೊದಲು ಕೂರುವ ತರಬೇತಾದ ವ್ಯಕ್ತಿ ಒಬ್ಬ ನರ್ಸ್ ಆಗಿರುತ್ತಾರೆ. ಅವರು ‘ನನಗೆ ಇದು ಗೊತ್ತು’ ಎಂದು ಹೇಳಿ ಒಂದು ತೀರ್ಮಾನ ಕೈಗೊಂಡಾಗ, ಆ ‘ಗೊತ್ತು’ ಎಂಬುದು ಯಾವ ಆಧಾರದ ಮೇಲೆ ನಿಂತಿದೆ ಎಂಬ ಪ್ರಶ್ನೆ ಏಳುತ್ತದೆ. ವಿಜ್ಞಾನದ ತತ್ತ್ವಶಾಸ್ತ್ರ ಕೇಳುವುದೂ ಈ ಪ್ರಶ್ನೆಯನ್ನೇ. ಎದುರಿಗೆ ಕುಳಿತವರನ್ನು ಏನೆಂದು ತಿಳಿದು ಅವರು ಹಾಗೆ ತೀರ್ಮಾನಿಸಿದರು ಎಂಬುದು ಮನುಷ್ಯನ ಕುರಿತ ದೃಷ್ಟಿಯ ಪ್ರಶ್ನೆ. ಉನ್ನತ ಶುಶ್ರೂಷೆಯಲ್ಲಿ ‘ಉನ್ನತ’ ಎನ್ನಿಸಿಕೊಳ್ಳಬೇಕಾದದ್ದು ಹೆಚ್ಚುವರಿ ಔಷಧಿ ಬರೆಯುವ ಅಧಿಕಾರಕ್ಕಿಂತ ಮೊದಲಾಗಿ, ತನ್ನ ತಿಳಿವಳಿಕೆಯ ಆಧಾರವನ್ನು ಸ್ಪಷ್ಟವಾಗಿ ಹೇಳಬಲ್ಲ, ಬರೆದಿಡಬಲ್ಲ, ಪ್ರಶ್ನೆಗೆ ಒಡ್ಡಬಲ್ಲ ಸಾಮರ್ಥ್ಯ ಎಂಬುದು ನನ್ನ ನಿಲುವು.

ನಮ್ಮ ಎಂಎಸ್ಸಿ ನರ್ಸಿಂಗ್ ಪಠ್ಯಕ್ರಮದ ಮೊದಲ ವರ್ಷದಲ್ಲಿ ಅಡ್ವಾನ್ಸ್ಡ್ ನರ್ಸಿಂಗ್ ಪ್ರಾಕ್ಟೀಸ್ ಎಂಬ ವಿಷಯವೇ ಇದೆ. ಶುಶ್ರೂಷೆಯ ಸಿದ್ಧಾಂತಗಳೆಲ್ಲ ಅದರಲ್ಲಿ ಬರುತ್ತವೆ. ಆದರೆ ಅವನ್ನು ಸಾಮಾನ್ಯವಾಗಿ ಓದುವುದು ಹೆಸರು, ಇಸವಿ, ಚಿತ್ರನಕ್ಷೆಗಳ ಪಟ್ಟಿಯಾಗಿ. ಓರೆಮ್ ಎಂದರೆ ಸ್ವಯಂ ಆರೈಕೆ, ಪೆಪ್ಲಾವ್ ಎಂದರೆ ಪರಸ್ಪರ ಸಂಬಂಧ, ವಾಟ್ಸನ್ ಎಂದರೆ ಕಾಳಜಿ ಎಂದು ಬರೆದರೆ ಅಂಕ ಬರುತ್ತದೆ. ಆ ಸಿದ್ಧಾಂತಗಳು ಯಾವ ಜಗಳದಿಂದ ಹುಟ್ಟಿದವು ಎಂಬುದು ಮಾತ್ರ ವಿದ್ಯಾರ್ಥಿಗಳಿಗೆ ತಲುಪುವುದಿಲ್ಲ.

ಆ ಜಗಳ ಹಳೆಯದು. ಅಳೆಯಬಹುದಾದದ್ದು, ಮತ್ತೆ ಮತ್ತೆ ಪರೀಕ್ಷಿಸಿ ನೋಡಬಹುದಾದದ್ದು ಮಾತ್ರವೇ ನಿಜವಾದ ಜ್ಞಾನ ಎಂಬ ಪ್ರತ್ಯಕ್ಷವಾದದ ನಿಲುವು 19ನೇ ಶತಮಾನದಲ್ಲಿ ಫ್ರಾನ್ಸಿನ ಚಿಂತಕ ಆಗಸ್ಟ್ ಕಾಂಟ್‌ನಿಂದ ಬಲಗೊಂಡು 20ನೇ ಶತಮಾನದ ವೈದ್ಯಶಾಸ್ತ್ರದ ಬೆನ್ನೆಲುಬಾಯಿತು. ಆಧುನಿಕ ಶುಶ್ರೂಷೆಯ ಮೊದಲಿಗರಾದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಅಂಕಿಅಂಶದ ಬಲವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಯಲ್ಲಿ 1855ರ ಫೆಬ್ರುವರಿಯಲ್ಲಿ ಶೇ 40ನ್ನು ದಾಟಿದ್ದ ಮರಣ ಪ್ರಮಾಣ, ಚರಂಡಿ ಮತ್ತು ಗಾಳಿ-ಬೆಳಕಿನ ವ್ಯವಸ್ಥೆ ಸರಿಪಡಿಸಿದ ಮೇಲೆ ಕೆಲವೇ ತಿಂಗಳಲ್ಲಿ ತೀರಾ ಕೆಳಗಿಳಿಯಿತು. ನೈಟಿಂಗೇಲ್ ಆ ಸಾವುಗಳ ಲೆಕ್ಕವನ್ನು ನಕ್ಷೆಯಾಗಿ ಬಿಡಿಸಿ ಸರ್ಕಾರದ ಮುಂದಿಟ್ಟರು. ಆದರೆ ಆಗ ಅವರು ನಂಬಿದ್ದು ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆ ಎಂಬ ಸಿದ್ಧಾಂತವನ್ನು. ರೋಗಾಣುಗಳ ತಿಳಿವು ಬಂದ ಮೇಲೆ ಆ ಸಿದ್ಧಾಂತ ಬಿದ್ದುಹೋಯಿತು, ಅವರ ಕ್ರಮಗಳು ಮಾತ್ರ ಉಳಿದವು. ಅಂಕಿ ಸರಿಯಿದ್ದು ಅದರ ವಿವರಣೆ ತಪ್ಪಾಗಿರಲು ಸಾಧ್ಯ ಎಂಬ ಪಾಠ ಶುಶ್ರೂಷೆಯ ಚರಿತ್ರೆಯ ಮೊದಲ ಪುಟದಲ್ಲೇ ಇದೆ.

ಅಂಕಿಯೇ ತಪ್ಪಾಗಿರಲೂ ಸಾಧ್ಯ. ಕೋವಿಡ್ ದಿನಗಳಲ್ಲಿ ಆಶಾ ಕಾರ್ಯಕರ್ತೆಯರ ಕೈಗೂ ಬಂದ ಪಲ್ಸ್ ಆಕ್ಸಿಮೀಟರ್‌ನ್ನೇ ನೋಡಿ. ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುವ ಈ ಉಪಕರಣವನ್ನು ಹೊಂದಿಸುವಾಗ ಬಳಸಿದ್ದು ಹೆಚ್ಚಾಗಿ ತಿಳಿ ಬಣ್ಣದ ಚರ್ಮದವರನ್ನು. ಅಮೆರಿಕದ ಆಸ್ಪತ್ರೆಗಳ ಮಾಹಿತಿಯನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಯಂತ್ರ ‘ಪರವಾಗಿಲ್ಲ’ ಎಂದು ತೋರಿಸುತ್ತಿದ್ದರೂ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ತೋರಿಸಿತು. ನಾವು ಮಾಡುವ ಪ್ರತಿಯೊಂದು ವೀಕ್ಷಣೆಯೂ ಮೊದಲೇ ಯಾವುದೋ ಸಿದ್ಧಾಂತವನ್ನು ಹೊತ್ತುಕೊಂಡೇ ಬರುತ್ತದೆ ಎಂದು ವಿಜ್ಞಾನದ ತತ್ತ್ವಜ್ಞ ನಾರ್ವುಡ್ ಹ್ಯಾನ್ಸನ್ 1958ರಲ್ಲಿ ವಾದಿಸಿದ್ದರು. ಕಪ್ಪು ಚರ್ಮದ ಕೂಲಿ ಮಹಿಳೆಯೊಬ್ಬರು ಏದುಸಿರು ಬಿಡುತ್ತ ಕುಳಿತಿದ್ದು, ಯಂತ್ರ ಶೇ 95, ಅಂದರೆ ‘ಪರವಾಗಿಲ್ಲ’, ಎನ್ನುವಾಗ, ಹ್ಯಾನ್ಸನ್‌ರ ವಾದವನ್ನು ಅರಿತ ನರ್ಸ್ ಯಂತ್ರವನ್ನು ಪಕ್ಕಕ್ಕಿಟ್ಟು ಎದೆಯ ಏರಿಳಿತವನ್ನು ನೋಡುತ್ತಾರೆ, ಉಸಿರನ್ನು ಎಣಿಸುತ್ತಾರೆ. ತತ್ತ್ವಶಾಸ್ತ್ರ ಇಲ್ಲಿ ಜೀವ ಉಳಿಸುವ ಕೆಲಸಕ್ಕೆ ಬರುತ್ತದೆ.

ಅಮೆರಿಕದ ನರ್ಸಿಂಗ್ ಶಿಕ್ಷಕಿ ಬಾರ್ಬರಾ ಕಾರ್ಪರ್ 1978ರಲ್ಲಿ ಬರೆದ ಒಂದು ಲೇಖನ ಈ ಚರ್ಚೆಗೆ ಹೊಸ ತಿರುವು ಕೊಟ್ಟಿತು. ಶುಶ್ರೂಷೆಯ ತಿಳಿವಳಿಕೆ ಒಂದೇ ಬಗೆಯದಲ್ಲ. ಪ್ರಯೋಗ ಮತ್ತು ಅಳತೆಯಿಂದ ಬರುವ ತಿಳಿವು, ಎದುರಿನ ಸಂದರ್ಭವನ್ನು ಇಡಿಯಾಗಿ ಗ್ರಹಿಸಿ ತಕ್ಕಂತೆ ನಡೆದುಕೊಳ್ಳುವ ಕಲೆಯ ತಿಳಿವು, ತನ್ನನ್ನು ತಾನು ಅರಿತು ಇನ್ನೊಬ್ಬರೊಡನೆ ಸಂಬಂಧಕ್ಕೆ ಬರುವುದರಿಂದ ಸಿಗುವ ವೈಯಕ್ತಿಕ ತಿಳಿವು, ಏನು ಮಾಡುವುದು ಸರಿ ಎಂಬ ನೈತಿಕ ತಿಳಿವು ಎಂದು ಅವರು ನಾಲ್ಕಾಗಿ ಗುರುತಿಸಿದರು. ಇವುಗಳಲ್ಲಿ ಮೊದಲನೆಯದಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ರಿಜಿಸ್ಟರ್ ಇದೆ, ತಂತ್ರಾಂಶವಿದೆ, ಮಾಸಿಕ ವರದಿಯಿದೆ. ಉಳಿದ ಮೂರಕ್ಕೆ ಒಂದು ಕಾಲಂ ಕೂಡ ಇಲ್ಲ.

ಕಾಲಂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ತೋಟದ ಲೈನ್ ಮನೆಯ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಐವತ್ತು ದಾಟಿದ ಮಹಿಳೆಯೊಬ್ಬರಿಗೆ ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ, ಅಂದರೆ ಜನ ‘ನೀರಿನ ಮಾತ್ರೆ’ ಎನ್ನುವುದನ್ನು, ಬೆಳಿಗ್ಗೆ ತೆಗೆದುಕೊಳ್ಳಲು ಕೊಟ್ಟಿದ್ದಾರೆ. ಮಳೆಗಾಲದಲ್ಲಿ ಹತೋಟಿಯಲ್ಲಿದ್ದ ಒತ್ತಡ ಜನವರಿಯಲ್ಲಿ 170ಕ್ಕೆ ಏರಿದೆ. ದಾಖಲೆಯಲ್ಲಿ ‘ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ, ತಿಳಿಹೇಳಲಾಗಿದೆ’ ಎಂದು ಬರೆದರೆ ಕೆಲಸ ಮುಗಿದಂತೆ. ಆದರೆ ಸಂಜೆ ಹೊತ್ತಿಗೆ ಲೈನಿಗೆ ಹೋಗಿ ಪಕ್ಕದಲ್ಲಿ ಕುಳಿತು ಕೇಳಿದ ನರ್ಸ್‌ಗೆ ಬೇರೆ ಉತ್ತರ ಸಿಗುತ್ತದೆ: “ಕಾಫಿ ಕುಯ್ಯುವಾಗ ಎಲ್ಲಿಗೆ ಹೋಗೋದು ಸಿಸ್ಟರೇ? ಸಾಲು ಬಿಟ್ಟು ಹೋದ್ರೆ ಕಿಲೋ ಕಮ್ಮಿಯಾಗುತ್ತೆ.” ಕುಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ, ತೋಟದೊಳಗೆ ಹೆಂಗಸರಿಗೆ ಶೌಚಾಲಯವಿಲ್ಲ, ಸಾಲಿನ ಆಚೆ ಗಂಡಸರು ಕೆಲಸ ಮಾಡುತ್ತಿರುತ್ತಾರೆ, ಕಾಡಂಚಿನ ತೋಟವಾದರೆ ಆನೆಯ ಭಯ ಬೇರೆ. ಆಕೆ ಮಾತ್ರೆಯನ್ನು ಮರೆತಿಲ್ಲ, ನಿರ್ಲಕ್ಷಿಸಿಯೂ ಇಲ್ಲ. ಕೆಲಸವಿರುವ ದಿನಗಳಲ್ಲಿ ಯೋಚಿಸಿಯೇ ಬಿಟ್ಟಿದ್ದಾರೆ, ಭಾನುವಾರ ತಪ್ಪದೆ ತೆಗೆದುಕೊಂಡಿದ್ದಾರೆ.

ಜರ್ಮನಿಯ ವಿಲ್ಹೆಲ್ಮ್ ಡಿಲ್ಥೈ 19ನೇ ಶತಮಾನದ ಕೊನೆಯಲ್ಲಿ, ನಿಸರ್ಗವನ್ನು ನಾವು ಕಾರಣ-ಪರಿಣಾಮಗಳಿಂದ ವಿವರಿಸುತ್ತೇವೆ, ಮನುಷ್ಯರ ನಡವಳಿಕೆಯನ್ನು ಅರ್ಥ ಮಾಡಿಕೊಳ್ಳಬೇಕಾಗುತ್ತದೆ ಎಂದು ಎರಡನ್ನೂ ಬೇರ್ಪಡಿಸಿದ್ದರು. ಮಾತ್ರೆ ಬಿಟ್ಟಿದ್ದರಿಂದ ಒತ್ತಡ ಏರಿತು ಎಂಬುದು ವಿವರಣೆ. ಯಾಕೆ ಬಿಟ್ಟರು ಎಂಬುದು ತಿಳಿಯಬೇಕಾದರೆ ಆಕೆಯ ದಿನದೊಳಗೆ ಇಣುಕಬೇಕು. ಚಿಕಿತ್ಸೆ ನಿರ್ಧಾರವಾಗಬೇಕಾದದ್ದು ಈ ಎರಡೂ ಕೂಡಿದಾಗ: ವೈದ್ಯರೊಡನೆ ಮಾತಾಡಿ ಬೇರೆ ವರ್ಗದ ಮಾತ್ರೆಗೆ ಬದಲಿಸುವುದು, ಜೊತೆಗೆ ಶೌಚಾಲಯದ ಮಾತನ್ನು ಕೆಲಸದ ಉಸ್ತುವಾರಿ ನೋಡುವ ತೋಟದ ರೈಟರ್‌ಗೂ ಮಾಲೀಕರಿಗೂ ಮುಟ್ಟಿಸುವುದು. ಇದನ್ನು ಬರೀ ಮೃದು ಹೃದಯದ ಮಾತೆಂದು ತಳ್ಳಿಹಾಕುವವರು ಸಾಕ್ಷ್ಯಾಧಾರಿತ ವೈದ್ಯಪದ್ಧತಿಯ ಮೂಲವನ್ನೇ ನೋಡಬಹುದು. ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿ ಆ ಪದ್ಧತಿಯನ್ನು ವ್ಯಾಖ್ಯಾನಿಸುವಾಗ, ಸಂಶೋಧನೆಯ ಅತ್ಯುತ್ತಮ ಸಾಕ್ಷ್ಯವನ್ನು ಚಿಕಿತ್ಸಕರ ಅನುಭವದೊಂದಿಗೆ ಬೆಸೆಯಬೇಕೆಂದರು. ರೋಗಿಯ ಸಂಕಟ, ಹಕ್ಕು ಮತ್ತು ಆಯ್ಕೆಗಳನ್ನು ಅರಿತು ಗೌರವಿಸುವುದನ್ನೂ ಆ ಅನುಭವದ ಭಾಗವೆಂದೇ ಎಣಿಸಿದರು. ನಾವು ಮೊದಲ ಅರ್ಧವನ್ನು ಮಾತ್ರ ಆಮದು ಮಾಡಿಕೊಂಡಂತಿದೆ.

ಎರಡು ಬಗೆಯ ತಿಳಿವುಗಳು ಒಂದೇ ಶರೀರದಲ್ಲಿ ಎದುರುಬದುರಾಗುವುದು ವಂಶವಾಹಿಯಿಂದ ಬರುವ ರಕ್ತದ ಕಾಯಿಲೆಯಾದ ಸಿಕಲ್ ಸೆಲ್‌ನಲ್ಲಿ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನವು ಕರ್ನಾಟಕವೂ ಸೇರಿದಂತೆ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. 2047ರೊಳಗೆ ಕಾಯಿಲೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡುವುದು ಅದರ ಆಶಯ. ಜೇನುಕುರುಬ, ಬೆಟ್ಟಕುರುಬ, ಯರವ, ಕುಡಿಯ ಸಮುದಾಯಗಳು ಬದುಕುತ್ತಿರುವ ಕೊಡಗಿಗೆ ಇದು ಹತ್ತಿರದ ವಿಷಯ. ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದರೆ ಮಗುವಿಗೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಆ ವ್ಯಕ್ತಿ ವಾಹಕ, ಸಾಮಾನ್ಯವಾಗಿ ಆರೋಗ್ಯವಂತ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲೂ ಕಾಯಿಲೆಯ ಸಾಧ್ಯತೆ ಶೇ 25. ಹಾಡಿಯಲ್ಲೇ ಮಾಡಬಹುದಾದ ಕರಗುವಿಕೆಯ ಪ್ರಾಥಮಿಕ ಪರೀಕ್ಷೆ ವಾಹಕರನ್ನೂ ರೋಗಿಗಳನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಅದಕ್ಕೆ ಪ್ರಯೋಗಾಲಯದ ದೃಢೀಕರಣ ಬೇಕು.

ಇಲ್ಲಿಯವರೆಗೆ ಎಲ್ಲವೂ ಶುದ್ಧ ವಿಜ್ಞಾನ, ಮತ್ತು ಅದನ್ನು ಕರಾರುವಾಕ್ಕಾಗಿ ತಿಳಿದಿರುವುದು ನರ್ಸ್‌ನ ಮೊದಲ ಹೊಣೆ. ಮೊದಲ ಪರೀಕ್ಷೆಯ ಫಲಿತಾಂಶವನ್ನೇ ‘ಕಾಯಿಲೆ ಇದೆ’ ಎಂದು ಹೇಳಿಬಿಟ್ಟರೆ, ಏನೂ ತೊಂದರೆಯಿಲ್ಲದ ಹುಡುಗಿಯೊಬ್ಬಳು ಹಾಡಿಯ ಕಣ್ಣಿನಲ್ಲಿ ರೋಗಿಯಾಗುತ್ತಾಳೆ. ಆದರೆ ಸರಿಯಾಗಿ ಹೇಳಿದ ಮೇಲೂ ಪ್ರಶ್ನೆಗಳು ಮುಗಿಯುವುದಿಲ್ಲ. ಅಭಿಯಾನದಲ್ಲಿ ಪರೀಕ್ಷೆಯ ಫಲಿತಾಂಶದ ಕಾರ್ಡುಗಳನ್ನು ಕೊಡಲಾಗುತ್ತದೆ. ಮದುವೆಗೆ ಮೊದಲು ಎರಡು ಕಡೆಯ ಕಾರ್ಡು ಹೋಲಿಸಿ ನೋಡಲು ಅವು ಸಹಾಯಕ್ಕೆ ಬರುತ್ತವೆ. ಸಾರ್ವಜನಿಕ ಆರೋಗ್ಯದ ಲೆಕ್ಕದಲ್ಲಿ ಇದು ಸರಿಯಾದ ಹೆಜ್ಜೆ ಎಂದೇ ನಾನು ಭಾವಿಸುತ್ತೇನೆ. ಆದರೂ ಸಣ್ಣ ಸಮುದಾಯವೊಂದರಲ್ಲಿ ಯಾರ ಮನೆಯ ಕಾರ್ಡಿನಲ್ಲಿ ಏನಿದೆ ಎಂಬುದು ಗುಟ್ಟಾಗಿ ಉಳಿಯುವುದು ಕಷ್ಟ, ಮತ್ತು ಅದರ ಭಾರ ಹುಡುಗರಿಗಿಂತ ಹುಡುಗಿಯರ ಮೇಲೆ ಹೆಚ್ಚು ಬೀಳುವ ಅಪಾಯವಿದೆ. ಶೇ 25 ಎಂಬುದು ಸಾಧ್ಯತೆಯೇ ಹೊರತು ವಿಧಿಬರಹವಲ್ಲ ಎಂದು ಮನೆಯವರ ಭಾಷೆಯಲ್ಲಿ ತಿಳಿಯುವಂತೆ ಹೇಳುವುದು, ಕಾರ್ಡು ಯಾರ ಕೈಯಲ್ಲಿರಬೇಕೆಂದು ಆಕೆಯನ್ನೇ ಕೇಳುವುದು ಕಾರ್ಪರ್ ಹೇಳಿದ ನೈತಿಕ ತಿಳಿವಿನ ಕೆಲಸ. ವಂಶವಾಹಿಯನ್ನು ಹೊತ್ತ ದೇಹ ಎಂದು ನೋಡುವ ದೃಷ್ಟಿಗೆ ಆ ಹುಡುಗಿ ಅಭಿಯಾನದ ಒಂದು ಸಂಖ್ಯೆ. ಮುಂದಿನ ಬದುಕಿನ ಬಗ್ಗೆ ಆಸೆ-ಅಂಜಿಕೆ ಇರುವ ವ್ಯಕ್ತಿ ಎಂದು ನೋಡಿದರೆ ಆಕೆಯ ಒಪ್ಪಿಗೆ, ಆಕೆಯ ಗುಟ್ಟು ಎರಡೂ ಚಿಕಿತ್ಸೆಯ ಭಾಗವಾಗುತ್ತವೆ.

ಇನ್ನು ಕಾಯಿಲೆ ಇರುವವರ ನೋವಿನ ಮಾತು. ಕುಡುಗೋಲಿನ ಆಕಾರಕ್ಕೆ ಬಾಗಿದ ರಕ್ತಕಣಗಳು ಸಣ್ಣ ರಕ್ತನಾಳಗಳನ್ನು ಅಡ್ಡಗಟ್ಟಿದಾಗ ಮೂಳೆ, ಬೆನ್ನು, ಹೊಟ್ಟೆಗಳಲ್ಲಿ ತಾಳಲಾರದ ನೋವು ಬರುತ್ತದೆ. ಈ ನೋವನ್ನು ತೋರಿಸುವ ಯಂತ್ರವಿಲ್ಲ. ಜ್ವರವಿಲ್ಲದೆ, ಗಾಯವಿಲ್ಲದೆ, ಕೆಲವೊಮ್ಮೆ ನಾಡಿಯಲ್ಲೂ ಹೆಚ್ಚು ವ್ಯತ್ಯಾಸವಿಲ್ಲದೆ ಒಬ್ಬ ಯುವಕ ‘ಕಾಲು ಒಡೆದುಹೋಗುತ್ತಿದೆ’ ಎಂದರೆ ಅದನ್ನು ನಂಬಬೇಕೇ? ಅಮೆರಿಕದ ನರ್ಸ್ ಮಾರ್ಗೋ ಮೆಕ್ಯಾಫರಿ 1968ರಲ್ಲೇ ಇದಕ್ಕೆ ನೇರ ಉತ್ತರ ಕೊಟ್ಟಿದ್ದರು: ನೋವು ಎಂದರೆ ಅದನ್ನು ಅನುಭವಿಸುವವರು ಏನು ಹೇಳುತ್ತಾರೋ ಅದು, ಅವರು ಇದೆ ಎಂದಾಗ ಅದು ಇದೆ. ದೇಹ ಮತ್ತು ಮನಸ್ಸನ್ನು ಎರಡಾಗಿ ಸೀಳಿದ ಡೆಕಾರ್ಟ್‌ನ ಚಿಂತನೆಗೆ ಇದು ಪರೋಕ್ಷ ಸವಾಲೂ ಹೌದು. ಫ್ರಾನ್ಸಿನ ತತ್ತ್ವಜ್ಞ ಮೆರ್ಲೋ-ಪಾಂಟಿ, ನಾವು ದೇಹವೆಂಬ ವಸ್ತುವನ್ನು ಹೊಂದಿರುವವರಲ್ಲ, ದೇಹವಾಗಿಯೇ ಜಗತ್ತಿನಲ್ಲಿ ಬದುಕುವವರು ಎಂದರು. ನೋವಿನಲ್ಲಿ ಇರುವವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ನೋವು ಕಾಲಿನಲ್ಲಿ ಮಾತ್ರ ಇರುವುದಿಲ್ಲ, ಬಾಗಿಲವರೆಗಿನ ದೂರದಲ್ಲಿ, ಮುಂದಿನ ರಾತ್ರಿಯಲ್ಲಿ, ನಾಳೆ ಹೋಗಲಾಗದ ಕೆಲಸದಲ್ಲಿ ಹರಡಿರುತ್ತದೆ. ಹೀಗಾಗಿ ನೋವಿನ ವಿಷಯದಲ್ಲಿ ರೋಗಿಯ ಮಾತೇ ಮೊದಲ ಸಾಕ್ಷ್ಯ. ಹಾಡಿಯಿಂದ ಬಂದವರ ಮಾತಿಗೆ ನಮ್ಮ ಆಸ್ಪತ್ರೆಗಳು ಸಾಮಾನ್ಯವಾಗಿ ಕೊಡುವ ಬೆಲೆ ಎಷ್ಟೆಂದು ಬಲ್ಲವರಿಗೆ ಈ ತತ್ತ್ವ ಎಷ್ಟು ಕ್ರಾಂತಿಕಾರಕ ಎಂಬುದೂ ತಿಳಿಯುತ್ತದೆ.

ಆದರೆ ಮನುಷ್ಯನನ್ನು ಇಡಿಯಾಗಿ ನೋಡುವುದಾಗಿ ಹೇಳುವ ಪ್ರತಿಯೊಂದು ಸಿದ್ಧಾಂತವೂ ಒಪ್ಪತಕ್ಕದ್ದಲ್ಲ, ಮತ್ತು ಈ ವಿಷಯದಲ್ಲಿ ಶುಶ್ರೂಷೆಯ ಚಿಂತನೆ ತನ್ನನ್ನು ತಾನು ಕಟುವಾಗಿ ವಿಮರ್ಶಿಸಿಕೊಳ್ಳಬೇಕು. ಅಮೆರಿಕದ ಶುಶ್ರೂಷಾ ಸಿದ್ಧಾಂತಿ ಮಾರ್ಥಾ ರಾಜರ್ಸ್ 1970ರಲ್ಲಿ ಮನುಷ್ಯನನ್ನು ಶಕ್ತಿಯ ಕ್ಷೇತ್ರವೆಂದು ಕಲ್ಪಿಸಿದರು. ಅದೇ ದಶಕದಲ್ಲಿ ಡೊಲೊರೆಸ್ ಕ್ರೀಗರ್ ಮತ್ತು ಡೋರಾ ಕುಂಜ್ ರೋಗಿಯ ಮೈಮೇಲೆ ಕೈಯಾಡಿಸಿ ಈ ಶಕ್ತಿಯನ್ನು ಸರಿಪಡಿಸುವ ‘ಥೆರಪ್ಯೂಟಿಕ್ ಟಚ್’ ಎಂಬ ವಿಧಾನವನ್ನು ಬೆಳೆಸಿದರು. ಅಮೆರಿಕದಲ್ಲಿ ಅನೇಕ ನರ್ಸ್‌ಗಳು ಅದನ್ನು ಕಲಿತರು. ಎಮಿಲಿ ರೋಸಾ ಎಂಬ ಶಾಲಾ ಬಾಲಕಿ ಒಂದು ಸರಳ ಪರೀಕ್ಷೆ ಮಾಡಿದಳು. ಮಧ್ಯೆ ಪರದೆಯಂಥ ಅಡ್ಡಹಲಗೆ ಇಟ್ಟು, ತನ್ನ ಕೈ ಅವರ ಯಾವ ಅಂಗೈಯ ಮೇಲಿದೆ ಎಂದು ಈ ವಿದ್ಯೆ ಬಲ್ಲ 21 ಮಂದಿಯನ್ನು ಕೇಳಿದಳು. 280 ಪ್ರಯತ್ನಗಳಲ್ಲಿ ಸರಿ ಉತ್ತರ ಬಂದದ್ದು ಶೇ 44 ಮಾತ್ರ. ಕಣ್ಣುಮುಚ್ಚಿ ಊಹಿಸಿದರೂ ಅರ್ಧದಷ್ಟು ಸರಿಯಾಗಬೇಕಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಈ ಅಧ್ಯಯನವನ್ನು ಪ್ರಕಟಿಸಿದಾಗ ಆಕೆಗೆ 11 ವರ್ಷ. ಯಾವ ಪರೀಕ್ಷೆಯಿಂದಲೂ ಸುಳ್ಳಾಗಲಾರದ ಹೇಳಿಕೆ ವಿಜ್ಞಾನವಲ್ಲ ಎಂಬ ವಿಜ್ಞಾನದ ತತ್ತ್ವಜ್ಞ ಕಾರ್ಲ್ ಪಾಪರ್‌ನ ಮಾತು ಇಲ್ಲಿ ನೆನಪಾಗುತ್ತದೆ: ಈ ವಿದ್ಯೆಯ ಹೇಳಿಕೆಯನ್ನು ಪರೀಕ್ಷೆಗೆ ಒಡ್ಡಬಹುದಿತ್ತು, ಒಡ್ಡಿದಾಗ ಅದು ಸುಳ್ಳಾಯಿತು. ರೋಗಿಯ ನೋವಿನ ಬಗ್ಗೆ ರೋಗಿಯ ಮಾತನ್ನು ನಂಬುವುದು ಒಂದು. ಮದ್ದು ಕೆಲಸ ಮಾಡುತ್ತದೆ ಎಂಬ ಚಿಕಿತ್ಸಕರ ಮಾತನ್ನು ಪರೀಕ್ಷೆಯಿಲ್ಲದೆ ನಂಬುವುದು ಇನ್ನೊಂದು. ಕಾಳಜಿಯ ಹೆಸರಿನಲ್ಲಿ ಎರಡನೆಯದಕ್ಕೆ ದಾರಿ ಬಿಟ್ಟರೆ ಮೊದಲು ಮೋಸಹೋಗುವವರು ಬಡವರೇ.

ಶುಶ್ರೂಷೆಯ ಸಿದ್ಧಾಂತಗಳ ಕೇಂದ್ರದಲ್ಲಿ ವ್ಯಕ್ತಿ, ಪರಿಸರ, ಆರೋಗ್ಯ, ಶುಶ್ರೂಷೆ ಎಂಬ ನಾಲ್ಕು ಪರಿಕಲ್ಪನೆಗಳಿವೆ ಎಂದು ಜಾಕ್ವೆಲಿನ್ ಫಾಸೆಟ್ ಗುರುತಿಸಿದರು. ಇವುಗಳಲ್ಲಿ ‘ವ್ಯಕ್ತಿ’ ಮತ್ತು ‘ಪರಿಸರ’ಗಳನ್ನು ಬೇರೆಬೇರೆ ಪೆಟ್ಟಿಗೆಗಳಲ್ಲಿ ಇಡುವುದು ಕೊಡಗಿನಲ್ಲಿ ಕೂರುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಬುಡಕಟ್ಟು ಕುಟುಂಬಗಳ ಗುಡಿಸಲುಗಳು ತೆರವಾಗಿ, ನಂತರ ಆ ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಂಥ ಕಡೆ ಪುನರ್ವಸತಿ ಕಲ್ಪಿಸಿದ ಪ್ರಕರಣವನ್ನು ನೆನೆಯಿರಿ. ಕಾಡಿನ ಗೆಣಸು, ಜೇನು, ಸೊಪ್ಪುಗಳ ಊಟದಿಂದ ಪಡಿತರದ ಅಕ್ಕಿಗೆ ಬಂದ ಕುಟುಂಬದಲ್ಲಿ ರಕ್ತಹೀನತೆ ಕಂಡರೆ ಕಬ್ಬಿಣದ ಮಾತ್ರೆ ಕೊಡಲೇಬೇಕು, ಆದರೆ ಊಟ ಏಕೆ ಬದಲಾಯಿತು ಎಂಬುದೂ ರೋಗದ ಇತಿಹಾಸದ ಭಾಗವೆಂದು ಬರೆಯಬೇಕು. ಹಾಗೆಯೇ, ಪಾಶ್ಚಾತ್ಯ ನೀತಿಶಾಸ್ತ್ರ ಒಂಟಿ ವ್ಯಕ್ತಿಯ ಸ್ವಾಯತ್ತ ತೀರ್ಮಾನವನ್ನು ಆಧಾರವಾಗಿಟ್ಟುಕೊಂಡರೆ, ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ತೀರ್ಮಾನ ಮನೆಯದ್ದು. ಇದನ್ನು ಗೌರವಿಸಬೇಕು ಎನ್ನುವಾಗಲೇ, ಮನೆಯ ತೀರ್ಮಾನ ಎನ್ನುವುದು ಎಷ್ಟೋ ಸಲ ಮನೆಯ ಗಂಡಸಿನ ತೀರ್ಮಾನ ಎಂಬುದನ್ನೂ ಮರೆಯಬಾರದು. ಕನ್ನಡ ಚೆನ್ನಾಗಿ ಬಾರದ ಯರವ ಮಹಿಳೆಯ ಮಾತನ್ನು ಗಂಡನೋ ಶಾಲೆಗೆ ಹೋಗುವ ಮಗನೋ ಅನುವಾದಿಸುವಾಗ, ಹೆಂಗಸರ ತೊಂದರೆಗಳ ಬಗ್ಗೆ ಎಷ್ಟು ಮಾತು ನರ್ಸ್‌ವರೆಗೆ ಬಂದು ತಲುಪೀತು? ಆ ಸಮುದಾಯದ ಹೆಣ್ಣುಮಕ್ಕಳನ್ನೇ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ನೇಮಿಸಿಕೊಳ್ಳುವುದು ಉಪಕಾರದ ಪ್ರಶ್ನೆಯಲ್ಲ, ಸರಿಯಾದ ಮಾಹಿತಿ ಪಡೆಯುವ ಪ್ರಶ್ನೆ.

ಈ ಎಲ್ಲ ತಿಳಿವು ಒಬ್ಬ ನರ್ಸ್‌ನಲ್ಲಿ ಬೆಳೆಯುವುದು ಹೇಗೆ ಎಂಬುದಕ್ಕೆ ಅಮೆರಿಕದ ಶುಶ್ರೂಷಾ ಸಿದ್ಧಾಂತಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಉತ್ತರ ಕೊಟ್ಟಿದ್ದಾರೆ. ಹೊಸಬರು ನಿಯಮಗಳನ್ನು ಹಿಡಿದು ನಡೆಯುತ್ತಾರೆ. ನುರಿತವರು ಸಂದರ್ಭವನ್ನು ನೋಡಿದೊಡನೆ ಯಾವುದು ಮುಖ್ಯವೆಂದು ಗುರುತಿಸುತ್ತಾರೆ. ಅವರ ಪ್ರಕಾರ ಒಬ್ಬ ನರ್ಸ್ ಸಮರ್ಥರೆನ್ನಿಸಿಕೊಳ್ಳುವುದೇ ಒಂದೇ ಬಗೆಯ ಸನ್ನಿವೇಶದಲ್ಲಿ ಎರಡು-ಮೂರು ವರ್ಷ ದುಡಿದ ಮೇಲೆ. ಪರಿಣತಿ ಬರುವುದು ಇನ್ನೂ ಮುಂದೆ. ನೀರಿನ ಮಾತ್ರೆಯ ಹಿಂದಿನ ಕಾರಣವನ್ನು ಜನವರಿಯಲ್ಲಿ ಊಹಿಸಬಲ್ಲವರು ಅದೇ ತೋಟದಲ್ಲಿ ಹಿಂದಿನ ಕುಯ್ಲನ್ನೂ ಕಂಡವರು. ಹೀಗಿರುವಾಗ ಸಮುದಾಯ ಆರೋಗ್ಯ ಅಧಿಕಾರಿಗಳು ಗುತ್ತಿಗೆ ಆಧಾರದಲ್ಲಿ ದುಡಿಯುತ್ತಿರುವುದು, ಭದ್ರತೆಯಿರುವ ಕೆಲಸ ಸಿಕ್ಕಿದೊಡನೆ ಜಿಲ್ಲೆ ಬಿಟ್ಟು ಹೋಗಬೇಕಾಗುವುದು ಕೇವಲ ಸಂಬಳದ ಸಮಸ್ಯೆಯಾಗಿ ಉಳಿಯುವುದಿಲ್ಲ. ಪ್ರತಿ ಬಾರಿ ಒಬ್ಬರು ಹೊರಟಾಗಲೂ, ರಿಜಿಸ್ಟರ್‌ನಲ್ಲಿ ಜಾಗವಿಲ್ಲದ ಅಷ್ಟೂ ತಿಳಿವು ಅವರೊಡನೆ ಹೊರಟುಹೋಗುತ್ತದೆ, ಮುಂದಿನವರು ಮತ್ತೆ ನಿಯಮದ ಪುಸ್ತಕದಿಂದ ಆರಂಭಿಸುತ್ತಾರೆ. ಹೊಸ ಆಯೋಗವು ಉನ್ನತ ಶುಶ್ರೂಷೆಯ ಮಾನದಂಡಗಳನ್ನು ರೂಪಿಸುವಾಗ ಪಠ್ಯಕ್ರಮದ ಜೊತೆಗೆ ಒಂದೇ ಕಡೆಯ ಸೇವಾವಧಿಯನ್ನೂ, ಸ್ಥಳೀಯ ಭಾಷೆಯ ಕಲಿಕೆಯನ್ನೂ, ರೋಗಿಯ ಮಾತನ್ನು ಅವರ ಮಾತಿನಲ್ಲೇ ಬರೆದಿಡುವ ಒಂದು ಕಾಲಂನ್ನೂ ಅರ್ಹತೆಯ ಭಾಗವಾಗಿ ಪರಿಗಣಿಸಬೇಕು. ರಾಜ್ಯ ಸರ್ಕಾರವು ಗುಡ್ಡಗಾಡು ಉಪಕೇಂದ್ರಗಳಲ್ಲಿ ಮೂರು ವರ್ಷ ಪೂರೈಸಿದವರಿಗೆ ಕಾಯಂ ನೇಮಕಾತಿಯಲ್ಲಿ ಮೊದಲ ಆದ್ಯತೆ ಕೊಡುವುದರಿಂದ ಈ ಕೆಲಸವನ್ನು ಆರಂಭಿಸಬಹುದು.